ಬರೆದದ್ದು ಡಿಸ್ಕಿಗೆ ಯಾವಾಗ ಇಳಿಯುತ್ತದೆ? ಲಿನಕ್ಸ್ ರೈಟ್‌ಬ್ಯಾಕ್ ಹೊಂದಿಸುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡ್ಯ ಜಿಲ್ಲೆಯ ಕೆಲವು ಹಳ್ಳಿ ಡೇರಿಗಳು, ಒಂದೆರಡು ವೇಬ್ರಿಡ್ಜ್, ಮೈಸೂರಿನ ಮೂರ್ನಾಲ್ಕು ಫೋಟೊ ಸ್ಟುಡಿಯೊಗಳ ಲಿನಕ್ಸ್ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಎಲ್ಲ ಕಡೆಯೂ ಎರಡೇ ದೂರು. ಒಂದು, ಕರೆಂಟ್ ಹೋಗಿ ಬಂದರೆ ಕೊನೆಯ ಕೆಲವು ಎಂಟ್ರಿ ಇರುವುದಿಲ್ಲ. ಇನ್ನೊಂದು, ದೊಡ್ಡ ಫೈಲ್ ಕಾಪಿಗೆ ಹಾಕಿದರೆ ಇಡೀ ಕಂಪ್ಯೂಟರ್ ಗರಬಡಿದಂತೆ ನಿಂತುಬಿಡುತ್ತದೆ. ಎರಡಕ್ಕೂ ಬೇರು ಒಂದೇ ಕಡೆ ಇದೆ. ಫೋನಿನಲ್ಲಿ ಮತ್ತೆ ಮತ್ತೆ ಹೇಳಿದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ. ಸೆಟ್ಟಿಂಗ್‌ಗಳ ಹೆಸರನ್ನು ಕನ್ನಡದಲ್ಲೇ ಬರೆದಿದ್ದೇನೆ. ಕಮಾಂಡಿನಲ್ಲಿ ಹಾಕುವಾಗ ಪದಗಳ ನಡುವೆ ಅಂಡರ್‌ಸ್ಕೋರ್ ಇರಬೇಕು, ಮೊದಲಿಗೆ ವಿಎಂ ಎಂದು ಬರೆದು ಚುಕ್ಕಿ ಇಡಬೇಕು.

ಸೇವ್ ಒತ್ತಿದ ಮೇಲೆ ಡಾಟಾ ಡಿಸ್ಕಿನಲ್ಲಿ ಇದ್ದೇ ಇರುತ್ತದೆ ತಾನೆ?

ಇರಲೇಬೇಕೆಂದಿಲ್ಲ. ಬಹಳ ಸಲ ಅದು ಇನ್ನೂ ರ‍್ಯಾಮ್‌ನಲ್ಲೇ ಇರುತ್ತದೆ.

ಊರ ಡೇರಿಯನ್ನೇ ನೋಡಿ. ಬೆಳಿಗ್ಗೆ ನೀವು ಹಾಲು ತರುತ್ತೀರಿ, ಅಳೆಯುತ್ತಾರೆ, ಫ್ಯಾಟ್ ನೋಡುತ್ತಾರೆ, ಕೈಗೆ ಚೀಟಿ ಬರುತ್ತದೆ, ನೀವು ಮನೆಗೆ ಹೋಗುತ್ತೀರಿ. ನಿಮ್ಮ ಕೆಲಸ ಮುಗಿಯಿತು. ಹಾಲು ಮಾತ್ರ ಇನ್ನೂ ಊರಲ್ಲೇ, ಕೂಲರಿನಲ್ಲಿ ಇದೆ. ಟ್ಯಾಂಕರ್ ಬಂದಾಗ ಎಲ್ಲರ ಹಾಲೂ ಒಟ್ಟಿಗೆ ಹೋಗುತ್ತದೆ. ಒಬ್ಬೊಬ್ಬರ ಎರಡು ಲೀಟರಿಗೂ ಒಂದೊಂದು ಟ್ಯಾಂಕರ್ ಓಡಿಸಿದರೆ ಸಂಘ ನಡೆಯುತ್ತದೆಯೇ?

ಲಿನಕ್ಸ್ ಮಾಡುವುದೂ ಇದೇ. ಪ್ರೋಗ್ರಾಂ 'ಇದನ್ನು ಬರೆ' ಎಂದಾಗ ಲಿನಕ್ಸ್‌ನ ತಿರುಳಾದ ಕರ್ನಲ್ ಆ ಡಾಟಾವನ್ನು ರ‍್ಯಾಮ್‌ನಲ್ಲಿರುವ ಪೇಜ್ ಕ್ಯಾಶ್‌ಗೆ ನಕಲಿಸಿಕೊಂಡು, ಕೂಡಲೇ 'ಆಯಿತು' ಎಂದುಬಿಡುತ್ತದೆ. ಅದೇ ಚೀಟಿ. ಡಿಸ್ಕಿಗೆ ಇನ್ನೂ ಇಳಿಯದ ಆ ಪುಟಗಳಿಗೆ ಡರ್ಟಿ ಪೇಜ್ ಎಂದು ಹೆಸರು. ಸಾಮಾನ್ಯವಾಗಿ ಒಂದೊಂದು ಪುಟ 4 ಕೆಬಿ. ಅವನ್ನು ಆಮೇಲೆ ಒಟ್ಟು ಮಾಡಿ ಡಿಸ್ಕಿಗೆ ಇಳಿಸುವ ಕೆಲಸವೇ ರೈಟ್‌ಬ್ಯಾಕ್. ಒಂದೇ ಪುಟವನ್ನು ಹತ್ತು ಸಲ ತಿದ್ದಿದರೂ ಡಿಸ್ಕಿಗೆ ಒಂದೇ ಸಲ ಹೋದರೆ ಸಾಕು. ಅಕ್ಕಪಕ್ಕದ ಪುಟಗಳು ಸಾಲಾಗಿ ಒಟ್ಟಿಗೆ ಹೋಗುತ್ತವೆ. ಕಂಪ್ಯೂಟರ್ ಚುರುಕಾಗಿರುವುದೇ ಇದರಿಂದ. ಆದ್ದರಿಂದ ಇದನ್ನು ಪೂರ್ತಿ ನಿಲ್ಲಿಸಬೇಕೆಂಬ ಆಸೆ ಬೇಡ. ಎಷ್ಟು ಹೊತ್ತು, ಎಷ್ಟು ಪ್ರಮಾಣದಲ್ಲಿ ಕೂಡಿಹಾಕಬಹುದು ಎಂಬುದು ಮಾತ್ರ ನಾವು ನೋಡಬೇಕಾದ ಲೆಕ್ಕ.

ಇದನ್ನು ತೀರ್ಮಾನಿಸುವ ಸೆಟ್ಟಿಂಗ್‌ಗಳು ಯಾವುವು?

ಮುಖ್ಯವಾದವು ನಾಲ್ಕು: ಎರಡು ಪ್ರಮಾಣದವು, ಎರಡು ಸಮಯದವು.

ಸಮಯದವು ಸುಲಭ. ಡರ್ಟಿ ಎಕ್ಸ್‌ಪೈರ್ ಸೆಂಟಿಸೆಕ್ಸ್ ಎಂಬುದು ಒಂದು ಪುಟ ಎಷ್ಟು ಹಳೆಯದಾದರೆ ಅದನ್ನು ಇಳಿಸಲೇಬೇಕು ಎಂದು ಹೇಳುತ್ತದೆ. ಮೂಲ ಬೆಲೆ (ಯಾರೂ ಬದಲಿಸದಿದ್ದಾಗ ಇರುವ ಅಂಕಿ) 3000. ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಎಣಿಸುವುದರಿಂದ 30 ಸೆಕೆಂಡ್ ಆಯಿತು. ಡರ್ಟಿ ರೈಟ್‌ಬ್ಯಾಕ್ ಸೆಂಟಿಸೆಕ್ಸ್ ಎಂಬುದು ಪುಟಗಳನ್ನು ಇಳಿಸುವ ಕರ್ನಲ್‌ನ ಕೆಲಸಗಾರ, ಅಂದರೆ ಫ್ಲಶರ್, ಎಷ್ಟು ಹೊತ್ತಿಗೊಮ್ಮೆ ಎದ್ದು ನೋಡಬೇಕು ಎಂಬುದು. ಮೂಲ ಬೆಲೆ 500, ಅಂದರೆ 5 ಸೆಕೆಂಡ್. ಎರಡನ್ನೂ ಕೂಡಿಸಿ ನೋಡಿದರೆ, ಯಾರೂ ಅವಸರ ಮಾಡದಿದ್ದಾಗ ನೀವು ಬರೆದದ್ದು ಸುಮಾರು 30ರಿಂದ 35 ಸೆಕೆಂಡ್ ರ‍್ಯಾಮ್‌ನಲ್ಲೇ ಕೂತಿರಬಹುದು. ಈ 30 ಸೆಕೆಂಡಿನ ಲೆಕ್ಕ ಇಂದು ನಿನ್ನೆಯದಲ್ಲ. ಹಳೆಯ ಯುನಿಕ್ಸ್‌ನಲ್ಲಿ ಅಪ್‌ಡೇಟ್ ಎಂಬ ಹಿನ್ನೆಲೆ ಪ್ರೋಗ್ರಾಂ 30 ಸೆಕೆಂಡಿಗೊಮ್ಮೆ ಸಿಂಕ್ ಮಾಡುತ್ತಿತ್ತು, ಅಂದರೆ ಕೂಡಿದ್ದನ್ನೆಲ್ಲ ಡಿಸ್ಕಿಗೆ ಇಳಿಸುತ್ತಿತ್ತು.

ಪ್ರಮಾಣದವುಗಳಿಗೆ ಕೆಆರ್‌ಎಸ್ ಅಣೆಕಟ್ಟೆಯನ್ನು ನೆನೆಸಿಕೊಳ್ಳಿ. ಗರಿಷ್ಠ ಮಟ್ಟ 124.80 ಅಡಿ. ಕೊಡಗಿನಲ್ಲಿ ಮಳೆ ಜೋರಾಗಿ ಒಳಹರಿವು ಏರುತ್ತಿರುವಾಗ, ತುಂಬುವವರೆಗೆ ಸುಮ್ಮನಿದ್ದು ಆಮೇಲೆ ಒಂದೇ ಸಲ ಗೇಟು ಎತ್ತಿದರೆ ಏನಾಗುತ್ತದೆ? ರಂಗನತಿಟ್ಟಿನಲ್ಲಿ ದೋಣಿ ನಿಲ್ಲುತ್ತದೆ, ನಿಮಿಷಾಂಬ ದೇವಸ್ಥಾನದ ಮೆಟ್ಟಿಲು ಮುಳುಗುತ್ತವೆ, ಶ್ರೀರಂಗಪಟ್ಟಣದ ಹೊಳೆದಂಡೆಯವರು ಎಚ್ಚರವಾಗಿರಬೇಕು. ಮುಂಚೆಯೇ ಸ್ವಲ್ಪ ಸ್ವಲ್ಪ ಬಿಡುತ್ತಾ ಬಂದರೆ ಅಷ್ಟು ಗಾಬರಿ ಇರುವುದಿಲ್ಲ.

ಡರ್ಟಿ ಬ್ಯಾಕ್‌ಗ್ರೌಂಡ್ ರೇಶಿಯೊ ಎಂಬುದು 'ಈಗಿನಿಂದಲೇ ಸ್ವಲ್ಪ ಸ್ವಲ್ಪ ಬಿಡು' ಎನ್ನುವ ಮಟ್ಟ. ಮೂಲ ಬೆಲೆ ಶೇಕಡ 10. ಇದು ದಾಟಿದರೆ ಫ್ಲಶರ್ ಹಿನ್ನೆಲೆಯಲ್ಲಿ ಇಳಿಸಲು ಶುರುಮಾಡುತ್ತದೆ, ಪ್ರೋಗ್ರಾಂಗಳಿಗೆ ಗೊತ್ತೂ ಆಗುವುದಿಲ್ಲ. ಡರ್ಟಿ ರೇಶಿಯೊ ಎಂಬುದು ಗರಿಷ್ಠ ಮಟ್ಟ. ಮೂಲ ಬೆಲೆ ಶೇಕಡ 20. ಅಲ್ಲಿಗೆ ಹತ್ತಿರ ಬಂದರೆ ಕರ್ನಲ್ ಒಳಹರಿವನ್ನೇ ತಡೆಯುತ್ತದೆ: ಬರೆಯುತ್ತಿರುವ ಪ್ರೋಗ್ರಾಂ ಅನ್ನು ಬಲವಂತವಾಗಿ ಮಲಗಿಸಿ, ಡಿಸ್ಕಿನ ವೇಗಕ್ಕೆ ಸರಿಹೊಂದುವಂತೆ ನಿಧಾನ ಮಾಡುತ್ತದೆ. ವಾಸ್ತವವಾಗಿ ಈ ತಡೆ ಎರಡು ಮಟ್ಟಗಳ ನಡುಮಧ್ಯದಿಂದಲೇ ಮೆಲ್ಲಗೆ ಶುರುವಾಗುತ್ತದೆ. ನಿಮ್ಮ ಕಂಪ್ಯೂಟರ್ 'ನಿಂತುಹೋಯಿತು' ಎನ್ನುವ ಗಳಿಗೆ ಬಹುಪಾಲು ಇದೇ.

ಶೇಕಡ 20 ಎಂದರೆ ಒಟ್ಟು ರ‍್ಯಾಮ್‌ನಲ್ಲೋ?

ಅಲ್ಲ. ಆ ಹೊತ್ತಿಗೆ ಖಾಲಿ ಇರುವುದು ಮತ್ತು ಬೇಕೆಂದಾಗ ಬಿಡಿಸಿಕೊಳ್ಳಬಹುದಾದ ಕ್ಯಾಶ್, ಇವೆರಡೂ ಸೇರಿದ ಮೊತ್ತದಲ್ಲಿ. 8 ಜಿಬಿ ಯಂತ್ರದಲ್ಲಿ ಬ್ರೌಸರ್ ಮತ್ತಿತರ ಪ್ರೋಗ್ರಾಂ 2 ಜಿಬಿ ತಿಂದಿದ್ದರೆ ಉಳಿದ ಸುಮಾರು 6 ಜಿಬಿಯ ಮೇಲೆ ಲೆಕ್ಕ. ಶೇಕಡ 10 ಎಂದರೆ 600 ಎಂಬಿ, ಶೇಕಡ 20 ಎಂದರೆ 1.2 ಜಿಬಿ.

ನನ್ನ ಯಂತ್ರದಲ್ಲಿ ಈಗ ಎಷ್ಟು ಕೂಡಿಹೋಗಿದೆ ಎಂದು ನೋಡುವುದು ಹೇಗೆ?

ಪ್ರೊಕ್ ಫೋಲ್ಡರಿನಲ್ಲಿರುವ ಮೆಮ್‌ಇನ್ಫೊ ಫೈಲ್ ತೆರೆಯಿರಿ. ಡರ್ಟಿ ಎಂಬ ಸಾಲಿನಲ್ಲಿ ಇನ್ನೂ ಇಳಿಯದೆ ಕಾದಿರುವುದು, ರೈಟ್‌ಬ್ಯಾಕ್ ಎಂಬ ಸಾಲಿನಲ್ಲಿ ಈ ಕ್ಷಣ ಇಳಿಯುತ್ತಿರುವುದು, ಎರಡೂ ಕೆಬಿ ಲೆಕ್ಕದಲ್ಲಿ ಸಿಗುತ್ತವೆ. ವಾಚ್ ಕಮಾಂಡ್ ಜೊತೆ ಗ್ರೆಪ್ ಹಾಕಿ, ಸೆಕೆಂಡಿಗೊಮ್ಮೆ ಆ ಎರಡೇ ಸಾಲು ತೋರಿಸುವಂತೆ ಮಾಡಿ, ಪಕ್ಕದಲ್ಲಿ ಒಂದು ದೊಡ್ಡ ಫೈಲ್ ಕಾಪಿಗೆ ಹಾಕಿ ನೋಡಿ. ಡರ್ಟಿ ಸಂಖ್ಯೆ ಸರಸರನೆ ಏರುತ್ತದೆ, ಒಂದು ಕಡೆ ಬಂದು ನಿಲ್ಲುತ್ತದೆ, ಕಾಪಿಯ ವೇಗ ಅಲ್ಲೇ ದೊಪ್ಪನೆ ಬೀಳುತ್ತದೆ. ಒಂದು ಸಲ ಇದನ್ನು ಕಣ್ಣಾರೆ ಕಂಡರೆ ಮೇಲೆ ಬರೆದದ್ದೆಲ್ಲ ತಾನಾಗಿ ತಿಳಿಯುತ್ತದೆ. ಯಾವ ಸೆಟ್ಟಿಂಗ್ ಮುಟ್ಟುವ ಮೊದಲೂ ದಯವಿಟ್ಟು ಇದೊಂದನ್ನು ಮಾಡಿ.

ಪೆನ್‌ಡ್ರೈವ್‌ಗೆ ಕಾಪಿ ಹಾಕಿದರೆ ಒಂದು ನಿಮಿಷದಲ್ಲಿ ಮುಗಿಯಿತು ಎನ್ನುತ್ತದೆ. ತೆಗೆಯಲು ಹೋದರೆ 'ಇನ್ನೂ ಬರೆಯುತ್ತಿದೆ' ಎನ್ನುತ್ತದೆ. ಯಾವುದು ನಿಜ?

ಎರಡನೆಯದು ನಿಜ.

ದಸರೆಯ ಸಮಯದಲ್ಲಿ ಮೈಸೂರಿನ ಒಂದು ಸ್ಟುಡಿಯೊದಿಂದ ಕರೆ ಬಂದಿತ್ತು. ಜಂಬೂಸವಾರಿಯ ಫೋಟೊಗಳು, ಒಂದು ಜಿಬಿಗಿಂತ ಸ್ವಲ್ಪ ಹೆಚ್ಚು. ಗಿರಾಕಿ ಕೌಂಟರಿನ ಮುಂದೆ ನಿಂತಿದ್ದಾರೆ, ಬಸ್ಸಿಗೆ ಹೊತ್ತಾಗಿದೆ. ಹುಡುಗ ಕಾಪಿ ಹಾಕಿದ, ಪಟ್ಟಿ ಪೂರ್ತಿ ತುಂಬಿತು, ಪೆನ್‌ಡ್ರೈವ್ ಕಿತ್ತು ಕೊಟ್ಟ. ಮನೆಗೆ ಹೋಗಿ ತೆರೆದರೆ ಮೊದಲ ಕೆಲವು ಫೋಟೊ ಚೆನ್ನಾಗಿವೆ, ಆಮೇಲಿನವುಗಳಲ್ಲಿ ಆನೆಯ ಮೇಲರ್ಧ ಮಾತ್ರ, ಕೆಳಗೆಲ್ಲ ಬೂದುಬಣ್ಣ. ಇನ್ನೂ ಮುಂದಿನವು ತೆರೆಯುವುದೇ ಇಲ್ಲ. ಪುಣ್ಯಕ್ಕೆ ಮೂಲ ಫೋಟೊಗಳು ಸ್ಟುಡಿಯೊದಲ್ಲೇ ಇದ್ದವು.

ಲೆಕ್ಕ ಹಾಕಿ ನೋಡಿ. ಅಗ್ಗದ ಪೆನ್‌ಡ್ರೈವ್ ಸೆಕೆಂಡಿಗೆ 6 ಎಂಬಿ ಬರೆಯುತ್ತದೆ ಎಂದುಕೊಳ್ಳೋಣ. 8 ಜಿಬಿ ಯಂತ್ರ 1.2 ಜಿಬಿಯವರೆಗೆ ಕೂಡಿಹಾಕಿಕೊಳ್ಳಲು ಒಪ್ಪುತ್ತದೆ. ಅಷ್ಟೂ ಇಳಿಯಲು 200 ಸೆಕೆಂಡ್, ಮೂರು ನಿಮಿಷಕ್ಕೂ ಮೇಲೆ. ತೆರೆಯ ಮೇಲಿನ ಪಟ್ಟಿ ತೋರಿಸುವುದು ರ‍್ಯಾಮ್‌ಗೆ ಹೋದದ್ದನ್ನು, ಪೆನ್‌ಡ್ರೈವ್‌ಗೆ ಹೋದದ್ದನ್ನಲ್ಲ. ಮಿತಿಯನ್ನು 48 ಎಂಬಿಗೆ ಇಳಿಸಿದರೆ ಕೊನೆಯಲ್ಲಿ ಬಾಕಿ ಉಳಿಯುವುದು 8 ಸೆಕೆಂಡಿನ ಕೆಲಸ ಮಾತ್ರ. ಕಾಪಿಗೆ ಹಿಡಿಯುವ ಒಟ್ಟು ಸಮಯ ಹೆಚ್ಚುಕಡಿಮೆ ಅಷ್ಟೇ, ಆದರೆ ಪಟ್ಟಿ ನಿಜ ಹೇಳುತ್ತದೆ. ಗಿರಾಕಿಯನ್ನು ಎದುರಿಗೆ ನಿಲ್ಲಿಸಿಕೊಂಡು ಕೆಲಸ ಮಾಡುವವರಿಗೆ ಇದು ಸಣ್ಣ ಲಾಭವಲ್ಲ.

ಇಡೀ ಯಂತ್ರದ ಮಿತಿ ಇಳಿಸುವುದು ಬೇಡ, ಆ ಒಂದು ಸಾಧನಕ್ಕೆ ಮಾತ್ರ ಸಾಕು ಎನ್ನುವವರಿಗೆ ಬೇರೆ ದಾರಿ ಇದೆ. ಸಿಸ್ ಫೋಲ್ಡರಿನೊಳಗೆ ಕ್ಲಾಸ್, ಅದರೊಳಗೆ ಬಿಡಿಐ ಎಂಬ ಜಾಗದಲ್ಲಿ ಪ್ರತಿ ಡಿಸ್ಕಿಗೂ ಒಂದು ಫೋಲ್ಡರ್ ಇರುತ್ತದೆ. ಅಲ್ಲಿನ ಮ್ಯಾಕ್ಸ್ ರೇಶಿಯೊ ಎಂಬ ಫೈಲಿನಲ್ಲಿ ಆ ಡಿಸ್ಕ್ ಒಟ್ಟು ಮಿತಿಯ ಎಷ್ಟು ಪಾಲನ್ನು ಬಳಸಬಹುದು ಎಂದು ಬರೆಯಬಹುದು. ಕರ್ನಲ್ 6.2ರಿಂದ ಮ್ಯಾಕ್ಸ್ ಬೈಟ್ಸ್, ಸ್ಟ್ರಿಕ್ಟ್ ಲಿಮಿಟ್ ಎಂಬ ಫೈಲುಗಳೂ ಅಲ್ಲೇ ಸಿಗುತ್ತವೆ.

ಏನೇ ಮಾಡಿದರೂ ಪೆನ್‌ಡ್ರೈವ್ ಕೀಳುವ ಮೊದಲು ಇಜೆಕ್ಟ್ ಒತ್ತಿ, ಇಲ್ಲವೇ ಸಿಂಕ್ ಎಂದು ಟೈಪ್ ಮಾಡಿ. ಪ್ರಾಂಪ್ಟ್ ವಾಪಸ್ ಬರುವವರೆಗೆ ಕೈ ಹಚ್ಚಬೇಡಿ.

ಶೇಕಡದಲ್ಲಿ ಹೇಳುವುದೋ, ಬೈಟ್‌ನಲ್ಲೋ?

ಬೈಟ್‌ನಲ್ಲಿ. ಡರ್ಟಿ ಬ್ಯಾಕ್‌ಗ್ರೌಂಡ್ ಬೈಟ್ಸ್, ಡರ್ಟಿ ಬೈಟ್ಸ್ ಎಂಬ ಜೋಡಿ ಇದಕ್ಕೇ ಇದೆ. ಡಿಸ್ಕಿನ ವೇಗಕ್ಕೂ ರ‍್ಯಾಮ್ ಎಷ್ಟಿದೆ ಎಂಬುದಕ್ಕೂ ಸಂಬಂಧವೇ ಇಲ್ಲ. ಶೇಕಡದ ಲೆಕ್ಕದಲ್ಲಿ 4 ಜಿಬಿ ತೆಗೆದು 16 ಜಿಬಿ ಹಾಕಿದ ದಿನವೇ ಬಾಕಿಯ ಮಿತಿ ನಾಲ್ಕು ಪಟ್ಟೋ ಅದಕ್ಕಿಂತ ಹೆಚ್ಚೋ ಆಗುತ್ತದೆ, ಡಿಸ್ಕ್ ಮಾತ್ರ ಅದೇ ಹಳೆಯದು. 'ರ‍್ಯಾಮ್ ಜಾಸ್ತಿ ಹಾಕಿಸಿದ ಮೇಲೆ ಹ್ಯಾಂಗ್ ಆಗುವುದು ಜಾಸ್ತಿಯಾಯಿತು' ಎಂದು ಹೇಳುವವರ ಮಾತನ್ನು ಯಾರೂ ನಂಬುವುದಿಲ್ಲ. ಅವರು ಹೇಳುವುದು ಸರಿ.

ಒಂದು ಎಚ್ಚರಿಕೆ: ಬೈಟ್ ಬೆಲೆ ಕೊಟ್ಟ ಕೂಡಲೇ ಅದರ ಜೋಡಿಯ ಶೇಕಡ ಬೆಲೆ 0 ಎಂದು ತೋರಿಸುತ್ತದೆ. ಗಾಬರಿ ಬೇಡ, ಎರಡರಲ್ಲಿ ಒಂದೇ ಚಾಲ್ತಿಯಲ್ಲಿರುವುದು.

ಕರೆಂಟ್ ಹೋದಾಗ ಎಂಟ್ರಿ ಕಳೆದುಹೋಗುವುದಕ್ಕೂ ಇದಕ್ಕೂ ಸಂಬಂಧವಿದೆಯೇ?

ನೇರ ಸಂಬಂಧ. ಮದ್ದೂರು ತಾಲ್ಲೂಕಿನ ಒಂದು ಹಳ್ಳಿ ಡೇರಿಯಲ್ಲಿ ನಡೆದದ್ದನ್ನು ಹೇಳುತ್ತೇನೆ. ಆ ಬೆಳಿಗ್ಗೆಯನ್ನು ನಾನು ಮರೆಯಲಾರೆ.

ಆರೂವರೆ ಹೊತ್ತು, ಕ್ಯೂ ಬಾಗಿಲಾಚೆಗೂ ಇದೆ. ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಯಾವತ್ತೋ ಸತ್ತಿತ್ತು, ಒಂದು ಸಲ ಕುಯ್ ಎಂದು ಕೂಗಿ ಅದೂ ಆರಿತು. ಜನರೇಟರ್ ಹಾಕಿ ಕಂಪ್ಯೂಟರ್ ಎಬ್ಬಿಸಿದರೆ ಹದಿನಾಲ್ಕು ಎಂಟ್ರಿ ಇಲ್ಲ. ಅವರೆಲ್ಲರಿಗೂ ಚೀಟಿ ಕೊಟ್ಟಾಗಿದೆ, ಹಾಲು ಕೂಲರಿಗೆ ಸುರಿದಾಗಿದೆ. ಕಾರ್ಯದರ್ಶಿಯವರು ಜಗಲಿಯ ಮೇಲೆ ಕೂತು, ಹೋದವರನ್ನೆಲ್ಲ ವಾಪಸ್ ಕರೆಸಿ, ಚೀಟಿ ಇಸಿದುಕೊಂಡು ಒಂದೊಂದನ್ನೇ ಮತ್ತೆ ಟೈಪ್ ಮಾಡಿಸಿದರು. ಒಬ್ಬ ಅಜ್ಜಿ ಚೀಟಿಯನ್ನು ಎಲೆಅಡಿಕೆ ಚೀಲದೊಳಗೆ ಮಡಿಸಿಟ್ಟಿದ್ದರು. ಸುಣ್ಣ ತಗುಲಿ ಫ್ಯಾಟ್ ಅಂಕಿ ಅಳಿಸಿಹೋಗಿತ್ತು. 'ನಿನ್ನೆದೇ ಹಾಕ್ಕೊಳ್ಳಪ್ಪ' ಎಂದರು. ಅವರ ಎಮ್ಮೆ ಹಾಲಿನ ಫ್ಯಾಟ್ ನಿನ್ನೆಗಿಂತ ಹೆಚ್ಚಿತ್ತೋ ಏನೋ, ಅಷ್ಟು ರೂಪಾಯಿ ಅವರಿಗೆ ನಷ್ಟ.

ನನಗೆ ಅರ್ಥವಾಗದೆ ಉಳಿದದ್ದು ಒಂದೇ. 30 ಸೆಕೆಂಡಿನಲ್ಲಿ ಹೋದರೆ ಒಂದೆರಡು ಎಂಟ್ರಿ ಹೋಗಬೇಕು, ಹದಿನಾಲ್ಕು ಹೋದದ್ದು ಹೇಗೆ? ಸಿಸ್‌ಸಿಟಿಎಲ್ ಎಂಬ ಕಮಾಂಡಿನಿಂದ ಈ ಸೆಟ್ಟಿಂಗ್‌ಗಳ ಬೆಲೆಗಳನ್ನು ತೆಗೆದು ನೋಡಿದರೆ ಡರ್ಟಿ ಎಕ್ಸ್‌ಪೈರ್ 60000 ಎಂದಿತ್ತು. ಹತ್ತು ನಿಮಿಷ! ಹಿಂದೆ ಯಂತ್ರ ನೋಡಿಕೊಳ್ಳುತ್ತಿದ್ದವರು ಯಾರೋ ಎಸ್‌ಎಸ್‌ಡಿ ಬಾಳಿಕೆ ಬರಲೆಂದು ಹಾಗೆ ಹಾಕಿ ಹೋಗಿದ್ದರು. ನಿಮಿಷಕ್ಕೆ ಎರಡು ಎಂಟ್ರಿಯಂತೆ ಏಳು ನಿಮಿಷದ ಹಾಲಿನ ಲೆಕ್ಕ ರ‍್ಯಾಮ್‌ನಲ್ಲೇ ಕೂತಿತ್ತು. ಫ್ಲಶರ್ ಐದೈದು ಸೆಕೆಂಡಿಗೂ ಎದ್ದು ನೋಡುತ್ತಿತ್ತು, 'ಇನ್ನೂ ಹಳೆಯದಾಗಿಲ್ಲ' ಎಂದು ಮಲಗುತ್ತಿತ್ತು. ಇನ್ನೊಂದು ತಪ್ಪು ಹಾಲಿನ ಸಾಫ್ಟ್‌ವೇರಿನದು. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಹಾಗಾದರೆ ಯಾವ ಬೆಲೆ ಹಾಕಲಿ?

ಎಲ್ಲರಿಗೂ ಒಂದೇ ಬೆಲೆ ಹೇಳುವವರನ್ನು ನಂಬಬೇಡಿ. ನಾನು ಲೆಕ್ಕ ಹಾಕುವ ಬಗೆ ಇದು: ನಿಮ್ಮ ಅತಿ ನಿಧಾನದ ಡಿಸ್ಕ್ ಒಂದು ಸೆಕೆಂಡಿಗೆ ನಿಜವಾಗಿ ಎಷ್ಟು ಬರೆಯುತ್ತದೆ ಎಂದು ಅಳೆಯಿರಿ. ಬ್ಯಾಕ್‌ಗ್ರೌಂಡ್ ಮಟ್ಟ ಅದರ ಒಂದು ಸೆಕೆಂಡಿನಷ್ಟು, ಗರಿಷ್ಠ ಮಟ್ಟ ಮೂರು ನಾಲ್ಕು ಸೆಕೆಂಡಿನಷ್ಟು ಇರಲಿ.

ಡೇರಿ, ವೇಬ್ರಿಡ್ಜ್, ಅಂಗಡಿಯ ಬಿಲ್ಲಿಂಗ್‌ನಂಥ ಯಂತ್ರಗಳಲ್ಲಿ ಬರೆಯುವುದು ಕಡಿಮೆ, ಕಳೆದುಕೊಂಡರೆ ನೋವು ಹೆಚ್ಚು. ಅಂಥ ಕಡೆ ನಾನು ಬ್ಯಾಕ್‌ಗ್ರೌಂಡ್ ಬೈಟ್ಸ್ 16777216, ಅಂದರೆ 16 ಎಂಬಿ, ಡರ್ಟಿ ಬೈಟ್ಸ್ 67108864, ಅಂದರೆ 64 ಎಂಬಿ, ಎಕ್ಸ್‌ಪೈರ್ 500, ರೈಟ್‌ಬ್ಯಾಕ್ 100 ಎಂದು ಇಡುತ್ತೇನೆ. ಬರೆದದ್ದು ಆರು ಸೆಕೆಂಡಿನೊಳಗೆ ಡಿಸ್ಕಿನ ದಾರಿ ಹಿಡಿಯುತ್ತದೆ. ಸ್ಟುಡಿಯೊದಲ್ಲಿ ವಿಡಿಯೊ ಎಡಿಟ್ ಮಾಡುವ ಯಂತ್ರಕ್ಕೆ ಇದು ತೀರಾ ಬಿಗಿ. ಅಲ್ಲಿ ವೇಗದ ಎಸ್‌ಎಸ್‌ಡಿ ಇದ್ದರೆ 256 ಎಂಬಿ ಮತ್ತು 1 ಜಿಬಿ ಎಂದಿಟ್ಟು, ಸಮಯದ ಬೆಲೆಗಳನ್ನು ಮೂಲದಂತೆಯೇ ಬಿಟ್ಟಿದ್ದೇನೆ.

ಬಿಗಿ ಮಾಡಿದಷ್ಟೂ ಒಳ್ಳೆಯದೆಂದೂ ಅಲ್ಲ. ಮಿತಿ ತೀರಾ ಸಣ್ಣದಾದರೆ ಪ್ರೋಗ್ರಾಂಗಳು ಹೆಜ್ಜೆಹೆಜ್ಜೆಗೂ ತಡೆಗೆ ಸಿಕ್ಕುತ್ತವೆ, ಪುಟಗಳು ಸಾಲುಗೂಡುವ ಮೊದಲೇ ಬಿಡಿಬಿಡಿಯಾಗಿ ಹೊರಡುತ್ತವೆ. ತಿರುಗುವ ಹಾರ್ಡ್‌ಡಿಸ್ಕಿಗೆ ಬಿಡಿಬಿಡಿ ಬರವಣಿಗೆಯೆಂದರೆ ಶಿಕ್ಷೆ. 7200 ಆರ್‌ಪಿಎಂ ಡಿಸ್ಕ್ ಸಾಲಾಗಿ ಬಂದರೆ ಸೆಕೆಂಡಿಗೆ 100 ಎಂಬಿಗೂ ಹೆಚ್ಚು ಬರೆಯುತ್ತದೆ. ಅಲ್ಲೊಂದು ಇಲ್ಲೊಂದು ಎಂದು ಬಂದರೆ ಸೆಕೆಂಡಿಗೆ ಸುಮಾರು ನೂರು ಸಲ ಮಾತ್ರ ಬರೆಯಬಲ್ಲದು. 4 ಕೆಬಿಯ ನೂರು ಪುಟವೆಂದರೆ ಬರೀ 400 ಕೆಬಿ.

ಇದೇ ಲೆಕ್ಕದಿಂದ ಯುಪಿಎಸ್ ವಿಷಯವೂ ತಿಳಿಯುತ್ತದೆ. ಐದು ನಿಮಿಷ ನಿಲ್ಲುವ ಯುಪಿಎಸ್ ಇದೆಯೆಂದು ಧೈರ್ಯವಾಗಿರುತ್ತೀರಿ. ಚದುರಿದ ಪುಟಗಳು 200 ಎಂಬಿಯಷ್ಟು ಬಾಕಿ ಇದ್ದರೆ ಅಂಥ ಡಿಸ್ಕ್ ಅಷ್ಟನ್ನು ಇಳಿಸಲು ಎಂಟು ನಿಮಿಷ ಬೇಕಾದೀತು. ಯುಪಿಎಸ್ ಮೊದಲು ಸೋಲುತ್ತದೆ.

ಬೆಲೆ ಹಾಕಿದ್ದೆ, ರೀಬೂಟ್ ಆದ ಮೇಲೆ ಹೋಯಿತು.

ಸಿಸ್‌ಸಿಟಿಎಲ್ ಕಮಾಂಡಿನಿಂದ ಹಾಕಿದ್ದು ಆ ಹೊತ್ತಿಗೆ ಮಾತ್ರ. ಉಳಿಯಬೇಕೆಂದರೆ ಇಟಿಸಿ ಫೋಲ್ಡರಿನ ಸಿಸ್‌ಸಿಟಿಎಲ್ ಡಾಟ್ ಡಿ ಎಂಬ ಜಾಗದಲ್ಲಿ ಕಾನ್ಫ್ ಎಂದು ಕೊನೆಯಾಗುವ ಒಂದು ಫೈಲ್ ಮಾಡಿ ಬರೆದಿಡಿ. ಫೈಲಿನೊಳಗೆ ಯಾಕೆ ಹಾಕಿದ್ದು, ಯಾವ ತಾರೀಕು ಎಂದು ಒಂದು ಸಾಲು ಸೇರಿಸಿ. ಮೇಲಿನ ಡೇರಿಯಲ್ಲಿ ಅಂಥ ಒಂದು ಸಾಲು ಇದ್ದಿದ್ದರೆ ನಾನು ಮೊದಲ ದಿನವೇ ಆ 60000 ಅನ್ನು ಪ್ರಶ್ನಿಸುತ್ತಿದ್ದೆ.

ಎಸ್‌ಎಸ್‌ಡಿ ಬೇಗ ಸವೆಯದಿರಲಿ ಎಂದು ಸಮಯ ಹೆಚ್ಚಿಸುವುದು ತಪ್ಪೇ?

ಬ್ಯಾಟರಿ ಇರುವ ಲ್ಯಾಪ್‌ಟಾಪಿನಲ್ಲಿ ಒಂದೆರಡು ನಿಮಿಷಕ್ಕೆ ಏರಿಸಿದರೆ ಅಪಾಯ ಕಡಿಮೆ. ಗೋಡೆಯ ಪ್ಲಗ್ಗಿನಿಂದ ಓಡುವ ಯಂತ್ರದಲ್ಲಿ ಬೇಡವೇ ಬೇಡ. ದಿನಕ್ಕೆ ಮುನ್ನೂರು ಹಾಲಿನ ಎಂಟ್ರಿ ಬರೆಯುವುದರಿಂದ ಯಾವ ಎಸ್‌ಎಸ್‌ಡಿಯೂ ಸವೆಯುವುದಿಲ್ಲ. ಸವೆತ ತಗ್ಗಿಸುವ ಆಸೆಯಿದ್ದರೆ ಬೇರೆ ಕಡೆ ಕೈಹಾಕಿ: ಫೈಲ್ ಓದಿದ ಹೊತ್ತನ್ನು ಬರೆದಿಡದಂತೆ ನೋಏಟೈಮ್ ಎಂದು ಮೌಂಟ್ ಮಾಡಿ, ಬೇಡದ ಲಾಗ್ ನಿಲ್ಲಿಸಿ, ಬ್ರೌಸರ್ ಕ್ಯಾಶ್ ಅನ್ನು ರ‍್ಯಾಮ್‌ನಲ್ಲೇ ಇರುವ ಟೆಂಪ್‌ಎಫ್‌ಎಸ್‌ಗೆ ಸಾಗಿಸಿ.

ರಾಸ್ಪ್‌ಬೆರಿ ಪೈ ಬೋರ್ಡಿನ ಎಸ್‌ಡಿ ಕಾರ್ಡಿಗೆ ಮಾತ್ರ ಈ ಚಿಂತೆ ನ್ಯಾಯವಾದದ್ದು. ತೋಟದ ಪಂಪ್‌ಸೆಟ್ ಮನೆಯಲ್ಲಿ ತೇವಾಂಶ, ವೋಲ್ಟೇಜ್ ಬರೆದಿಡಲು ಇಟ್ಟವರು ಕೆಲವರಿದ್ದಾರೆ. ಅಲ್ಲಿ ಎರಡು ಬಗೆಯ ಡಾಟಾವನ್ನು ಬೇರೆ ಮಾಡಿ. ಹೋದರೂ ಪರವಾಗಿಲ್ಲ ಎನ್ನುವುದನ್ನು ರ‍್ಯಾಮ್‌ನಲ್ಲಿಟ್ಟು ಗಂಟೆಗೊಮ್ಮೆ ಇಳಿಸಿ, ಬೇಕೇಬೇಕು ಎನ್ನುವುದನ್ನು ಆಗಿಂದಾಗ ಎಫ್‌ಸಿಂಕ್ ಮಾಡಿ.

ಎಫ್‌ಸಿಂಕ್ ಎಂದರೇನು? ಅದಿದ್ದರೆ ಈ ಸೆಟ್ಟಿಂಗ್ ಎಲ್ಲ ಯಾಕೆ?

ಇಡೀ ಬರಹದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು.

ಎಫ್‌ಸಿಂಕ್ ಎಂಬುದು ಪ್ರೋಗ್ರಾಂ ಕರ್ನಲ್‌ಗೆ ಹೇಳುವ ಮಾತು: 'ಈ ಫೈಲಿನದ್ದೆಲ್ಲ ಡಿಸ್ಕಿಗೆ ಇಳಿದ ಮೇಲೆಯೇ ನನಗೆ ಉತ್ತರ ಕೊಡು, ಅಲ್ಲಿಯವರೆಗೆ ಕಾಯುತ್ತೇನೆ.' ಸೆಟ್ಟಿಂಗ್ ಬಿಗಿ ಮಾಡುವುದರಿಂದ ನಷ್ಟ 35 ಸೆಕೆಂಡಿನಿಂದ 6 ಸೆಕೆಂಡಿಗೆ ಇಳಿಯಬಹುದು, ಆದರೆ ಸೊನ್ನೆಯಾಗುವುದಿಲ್ಲ. ಸೊನ್ನೆ ಮಾಡುವುದು ಎಫ್‌ಸಿಂಕ್ ಮಾತ್ರ. ಆ ಹಾಲಿನ ಸಾಫ್ಟ್‌ವೇರ್ ಎಂಟ್ರಿಯನ್ನು ಬರೆದು, ಎಫ್‌ಸಿಂಕ್ ಮಾಡದೆ, ಚೀಟಿ ಮುದ್ರಿಸುತ್ತಿತ್ತು. ಬರೆ, ಎಫ್‌ಸಿಂಕ್ ಮಾಡು, ಆಮೇಲೆ ಚೀಟಿ ಮುದ್ರಿಸು: ಈ ಕ್ರಮವಿದ್ದರೆ ಕೈಯಲ್ಲಿ ಚೀಟಿ ಇರುವವರ ಲೆಕ್ಕ ಕಂಪ್ಯೂಟರಿನಲ್ಲೂ ಇರುತ್ತದೆ. ತಯಾರಿಸಿದವರಿಗೆ ಹೇಳಿ ಆ ಒಂದು ಸಾಲು ಸೇರಿಸಲು ಎರಡು ತಿಂಗಳು ಹಿಡಿಯಿತು. ಅಲ್ಲಿಯವರೆಗೆ ಕಾಪಾಡಿದ್ದು ಬಿಗಿ ಮಾಡಿದ ಸೆಟ್ಟಿಂಗ್. ಅದೂ ಬೇಕು, ಇದೂ ಬೇಕು ಎನ್ನುವುದು ಇದಕ್ಕೇ.

ಸೆಟ್ಟಿಂಗ್ ಇನ್ನೊಂದು ಬಗೆಯಲ್ಲೂ ನೆರವಾಗುತ್ತದೆ. ಹಿನ್ನೆಲೆಯಲ್ಲಿ ಆಗಾಗ ಇಳಿದಿದ್ದರೆ ಎಫ್‌ಸಿಂಕ್ ಬಂದಾಗ ಬಾಕಿ ಕಡಿಮೆ ಇರುತ್ತದೆ, ಉತ್ತರ ಬೇಗ ಬರುತ್ತದೆ. ಜಿಬಿಗಟ್ಟಲೆ ಕೂಡಿಹೋದ ಡಿಸ್ಕಿನ ಮೇಲೆ ಸಣ್ಣದೊಂದು ಎಫ್‌ಸಿಂಕ್ ಕೂಡ ಆ ಗದ್ದಲದ ಹಿಂದೆ ಕಾಯಬೇಕಾಗುತ್ತದೆ.

ಸಾಫ್ಟ್‌ವೇರ್ ಬರೆಯುವವರಿಗೆ ಒಂದು ಮಾತು: ಹಳೆಯ ಫೈಲಿನ ಮೇಲೆಯೇ ಬರೆಯಬೇಡಿ. ತಾತ್ಕಾಲಿಕ ಫೈಲಿಗೆ ಬರೆದು, ಎಫ್‌ಸಿಂಕ್ ಮಾಡಿ, ಆಮೇಲೆ ರೀನೇಮ್ ಮಾಡಿ, ಕೊನೆಗೆ ಫೋಲ್ಡರನ್ನೂ ಎಫ್‌ಸಿಂಕ್ ಮಾಡಿ. ಹಾಗೆ ಮಾಡಿದರೆ ಹಳೆಯದೋ ಹೊಸದೋ ಒಂದಂತೂ ಪೂರ್ತಿಯಾಗಿ ಉಳಿಯುತ್ತದೆ.

ಎಫ್‌ಸಿಂಕ್ ತಪ್ಪು ಎಂದು ಉತ್ತರ ಕೊಟ್ಟರೆ ಮತ್ತೊಮ್ಮೆ ಕರೆದು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಲಿನಕ್ಸ್‌ನಲ್ಲಿ ಡಿಸ್ಕಿಗೆ ಇಳಿಯದ ಪುಟವೂ ಸ್ವಚ್ಛ ಎಂದು ಗುರುತಾಗಿಬಿಟ್ಟು, ಎರಡನೇ ಸಲ 'ಸರಿ' ಎಂಬ ಉತ್ತರ ಬರಬಹುದು. 2018ರಲ್ಲಿ ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಡಾಟಾಬೇಸಿನ ತಂಡದವರು ಇದನ್ನು ಕಂಡುಕೊಂಡು ದೊಡ್ಡ ಚರ್ಚೆಯೇ ಆಯಿತು. 2019ರ ಫೆಬ್ರವರಿಯ ಆವೃತ್ತಿಗಳಿಂದ ಎಫ್‌ಸಿಂಕ್ ತಪ್ಪಿದರೆ ಆ ಡಾಟಾಬೇಸ್ ತಾನೇ ನಿಂತು, ಬದಲಾವಣೆಗಳನ್ನು ಬರೆದಿಟ್ಟ ಲಾಗ್‌ನಿಂದ ಮತ್ತೆ ಕಟ್ಟಿಕೊಳ್ಳುತ್ತದೆ.

ನಮ್ಮಲ್ಲಿ ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್ ಇದೆ. ಅವಕ್ಕೂ ಇದು ಬೇಕೇ?

ಅವು ತಮ್ಮ ಲಾಗನ್ನು ತಾವೇ ಎಫ್‌ಸಿಂಕ್ ಮಾಡಿಕೊಳ್ಳುತ್ತವೆ, ನೀವು ಅದನ್ನು ಕೆಡಿಸದಿದ್ದರೆ. ಮೈಎಸ್‌ಕ್ಯೂಎಲ್‌ನಲ್ಲಿ ಇನ್ನೊಡಿಬಿ ಫ್ಲಶ್ ಲಾಗ್ ಅಟ್ ಟಿಆರ್‌ಎಕ್ಸ್ ಕಮಿಟ್ ಎಂಬ ಬೆಲೆ 1 ಇರಲಿ. ವೇಗಕ್ಕಾಗಿ 2 ಅಥವಾ 0 ಮಾಡಿದರೆ ಕರೆಂಟ್ ಹೋದಾಗ ಕೊನೆಯ ಒಂದು ಸೆಕೆಂಡಿನಷ್ಟು ವ್ಯವಹಾರ ಹೋಗಬಹುದು. ಪೋಸ್ಟ್‌ಗ್ರೆಸ್‌ನಲ್ಲಿ ಎಫ್‌ಸಿಂಕ್ ಎಂಬುದನ್ನು ಆಫ್ ಮಾಡುವ ಸಲಹೆ ಎಲ್ಲೇ ಓದಿದರೂ ಪಾಲಿಸಬೇಡಿ. ಅದರಿಂದ ಹೋಗುವುದು ಕೊನೆಯ ಎಂಟ್ರಿಯಷ್ಟೇ ಅಲ್ಲ, ಡಾಟಾಬೇಸೇ ಕೆಟ್ಟುಹೋಗಬಹುದು.

ದೊಡ್ಡ ರ‍್ಯಾಮ್ ಇರುವ ಸರ್ವರಿನಲ್ಲಿ ಚೆಕ್‌ಪಾಯಿಂಟ್ ಹೊತ್ತಿಗೆ, ಅಂದರೆ ಡಾಟಾಬೇಸ್ ತನ್ನ ಬಾಕಿ ಪುಟಗಳನ್ನು ಡಿಸ್ಕಿಗೆ ಬರೆಯುವಾಗ, ಎಲ್ಲ ಕ್ವೆರಿಗಳೂ ಒಟ್ಟಿಗೆ ನಿಂತು ಹೊರಡುತ್ತಿದ್ದರೆ ಕಾರಣ ಕೂಡಿಹೋದ ಡರ್ಟಿ ಪುಟಗಳಿರಬಹುದು. 64 ಜಿಬಿಯಲ್ಲಿ ಶೇಕಡ 10 ಎಂದರೆ 6 ಜಿಬಿಯ ಆಸುಪಾಸು. ಬ್ಯಾಕ್‌ಗ್ರೌಂಡ್ ಬೈಟ್ಸ್ ಇಳಿಸಿ ನೋಡಿ. ಪೋಸ್ಟ್‌ಗ್ರೆಸ್ 9.6ರಿಂದ ಚೆಕ್‌ಪಾಯಿಂಟ್ ಫ್ಲಶ್ ಆಫ್ಟರ್ ಎಂಬ ಸೆಟ್ಟಿಂಗ್ ಲಿನಕ್ಸ್‌ನಲ್ಲಿ ಇದೇ ಕೆಲಸವನ್ನು 256 ಕೆಬಿಯಂತೆ ಮಾಡುತ್ತದೆ. ಹಳೆಯ ಆವೃತ್ತಿಯವರಿಗೆ ವ್ಯತ್ಯಾಸ ಎದ್ದು ಕಾಣುತ್ತದೆ.

ಕ್ಯಾಶ್ ಖಾಲಿ ಮಾಡುವ ಡ್ರಾಪ್ ಕ್ಯಾಶಸ್ ಬಳಸಿದರೆ ಡರ್ಟಿ ಪುಟಗಳೂ ಖಾಲಿಯಾಗುತ್ತವೆಯೇ?

ಇಲ್ಲ. ಅದು ಈಗಾಗಲೇ ಡಿಸ್ಕಿಗೆ ಇಳಿದ ಸ್ವಚ್ಛ ಪುಟಗಳನ್ನು ಮಾತ್ರ ರ‍್ಯಾಮ್‌ನಿಂದ ತೆಗೆದುಹಾಕುತ್ತದೆ. ಸಿಂಕ್ ಮಾಡಿ.

ವಿಂಡೋಸ್‌ನಲ್ಲಿ ಹೇಗೆ?

ಅಲ್ಲೂ ತತ್ವ ಇದೇ. ಲೇಜಿ ರೈಟರ್ ಎಂಬುದು ಸೆಕೆಂಡಿಗೊಮ್ಮೆ ಎದ್ದು ಬಾಕಿಯ ಎಂಟನೇ ಒಂದು ಭಾಗವನ್ನು ಇಳಿಸಲು ಸಾಲಿಗೆ ಹಚ್ಚುತ್ತದೆ. ಪೆನ್‌ಡ್ರೈವ್‌ಗೆ ವಿಂಡೋಸ್ 10ರ 1809 ಆವೃತ್ತಿಯಿಂದ ಕ್ವಿಕ್ ರಿಮೂವಲ್ ಎಂಬುದೇ ಮೂಲ ಆಯ್ಕೆ. ಹಾಗೆಂದು ಬರೆಯುತ್ತಿರುವಾಗಲೇ ಕೀಳಬಹುದು ಎಂದಲ್ಲ.

ಝಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ ಬಳಸುತ್ತೇವೆ, ಈ ಬೆಲೆಗಳು ತಾಗುತ್ತಲೇ ಇಲ್ಲ.

ತಾಗುವುದಿಲ್ಲ. ಅದಕ್ಕೆ ತನ್ನದೇ ಲೆಕ್ಕವಿದೆ. ಸಾಮಾನ್ಯವಾಗಿ 5 ಸೆಕೆಂಡಿಗೊಂದು ಗುಂಪಾಗಿ ಇಳಿಸುತ್ತದೆ. ಬೇರೆ ಫೈಲ್ ಸಿಸ್ಟಮ್‌ಗಳಲ್ಲಿ, ಬಿಟಿಆರ್‌ಎಫ್‌ಎಸ್‌ನ ಕಮಿಟ್ 30 ಸೆಕೆಂಡ್, ಇಎಕ್ಸ್‌ಟಿ4ನ ಜರ್ನಲ್ ಕಮಿಟ್ 5 ಸೆಕೆಂಡ್. ಇಎಕ್ಸ್‌ಟಿ4ನ ಈ 5 ಸೆಕೆಂಡ್ ನೋಡಿ 'ನನ್ನ ಡಾಟಾ ಐದೇ ಸೆಕೆಂಡಿಗೆ ಭದ್ರ' ಎಂದುಕೊಳ್ಳುವವರು ಬಹಳ. ಜರ್ನಲ್ ಮೊದಲು ಕಾಪಾಡುವುದು ಫೈಲ್ ಸಿಸ್ಟಮ್‌ನ ರಚನೆಯನ್ನು, ಅಂದರೆ ಯಾವ ಫೈಲ್ ಎಲ್ಲಿದೆ ಎಂಬ ಲೆಕ್ಕವನ್ನು. ಹೊಸದಾಗಿ ಬರೆದ ಡಾಟಾ ಡಿಸ್ಕಿನಲ್ಲಿ ಜಾಗ ನಿಗದಿಯಾಗದೆ 30 ಸೆಕೆಂಡಿನವರೆಗೂ ಕಾದಿರಬಹುದು.

ಡಿಸ್ಕಿನೊಳಗೂ ಒಂದು ಕ್ಯಾಶ್ ಇರುತ್ತದಂತೆ?

ಹೌದು, ಕರ್ನಲ್ ಇಳಿಸಿದ ಮೇಲೂ ಡಾಟಾ ಡಿಸ್ಕಿನದೇ ಸಣ್ಣ ಮೆಮೊರಿಯಲ್ಲಿ ಸ್ವಲ್ಪ ಹೊತ್ತು ನಿಲ್ಲಬಹುದು. ಎಫ್‌ಸಿಂಕ್ ಬಂದಾಗ ಕರ್ನಲ್ 'ಅದನ್ನೂ ಖಾಲಿ ಮಾಡು' ಎಂದು ಡಿಸ್ಕಿಗೆ ಫ್ಲಶ್ ಆಜ್ಞೆ ಕಳಿಸುತ್ತದೆ. ಸರ್ವರ್ ದರ್ಜೆಯ ಎಸ್‌ಎಸ್‌ಡಿಗಳಲ್ಲಿ ಕರೆಂಟ್ ಹೋದರೂ ಆ ಕ್ಯಾಶ್ ಖಾಲಿ ಮಾಡುವಷ್ಟು ಶಕ್ತಿಯನ್ನು ಕೆಪಾಸಿಟರ್‌ಗಳು ಹಿಡಿದಿಟ್ಟಿರುತ್ತವೆ. ಅನುಮಾನವಿರುವ ಹಳೆಯ ಸಾಟಾ ಡಿಸ್ಕಿನಲ್ಲಿ ಎಚ್‌ಡಿಪಾರ್ಮ್ ಕಮಾಂಡ್ ಬಳಸಿ ರೈಟ್ ಕ್ಯಾಶ್ ಆಫ್ ಮಾಡಬಹುದು. ನಿಧಾನವಾಗುತ್ತದೆ, ಆದರೆ ಡೇರಿಯ ಯಂತ್ರಕ್ಕೆ ಆ ನಿಧಾನ ಗೊತ್ತಾಗುವುದಿಲ್ಲ. ವರ್ಚುವಲ್ ಮಷೀನ್ ಇದ್ದವರು ಅದನ್ನು ನಡೆಸುವ ಯಂತ್ರದ (ಹೋಸ್ಟ್) ಕಡೆ ಕ್ಯಾಶ್ ಮೋಡ್ ಅನ್‌ಸೇಫ್ ಎಂದಿಲ್ಲ ತಾನೆ ಎಂದು ನೋಡಿಕೊಳ್ಳಿ. ಅದು ಫ್ಲಶ್ ಮಾತನ್ನೇ ಕೇಳಿಸಿಕೊಳ್ಳುವುದಿಲ್ಲ.

ಡಾಟಾ ನಕಲಿಸುವ ಡಿಡಿ ಕಮಾಂಡಿನಲ್ಲಿ ಬರೆಯುವ ವೇಗ ಅಳೆದರೆ ನನ್ನ ಹಳೆಯ ಡಿಸ್ಕ್ ಸೆಕೆಂಡಿಗೆ 1 ಜಿಬಿ ತೋರಿಸುತ್ತದೆ!

ನೀವು ಅಳೆದದ್ದು ರ‍್ಯಾಮನ್ನು. ಕಾನ್ವ್ ಎಂಬ ಆಯ್ಕೆಯಲ್ಲಿ ಎಫ್‌ಸಿಂಕ್ ಎಂದು ಕೊಟ್ಟು ಮತ್ತೆ ಅಳೆಯಿರಿ.

ನಾನು ಮಾಡಿದ ಬದಲಾವಣೆ ಕೆಲಸ ಮಾಡುತ್ತಿದೆಯೆಂದು ಖಾತ್ರಿಪಡಿಸಿಕೊಳ್ಳುವುದು ಹೇಗೆ?

ಪ್ಲಗ್ ಕಿತ್ತು ನೋಡಿ. ಕೆಲಸದ ಯಂತ್ರದಲ್ಲಿ ಬೇಡ, ಅದೇ ಬಗೆಯ ಡಿಸ್ಕ್ ಇರುವ ಒಂದು ಖಾಲಿ ಯಂತ್ರದಲ್ಲಿ. ಸೆಕೆಂಡಿಗೊಂದು ಕ್ರಮಸಂಖ್ಯೆಯನ್ನು ಫೈಲಿಗೆ ಬರೆಯುವ ನಾಲ್ಕು ಸಾಲಿನ ಸ್ಕ್ರಿಪ್ಟ್ ಮಾಡಿ. ಬರೆದ ಕೂಡಲೇ ಅದೇ ಸಂಖ್ಯೆಯನ್ನು ನೆಟ್‌ವರ್ಕ್ ಮೂಲಕ ಪಕ್ಕದ ಲ್ಯಾಪ್‌ಟಾಪಿಗೂ ಕಳಿಸಲಿ. ಎರಡು ಮೂರು ನಿಮಿಷ ಓಡಿದ ಮೇಲೆ ಗೋಡೆಯಿಂದ ಪ್ಲಗ್ ಕೀಳಿ. ಮತ್ತೆ ಎಬ್ಬಿಸಿ, ಫೈಲಿನ ಕೊನೆಯ ಸಂಖ್ಯೆಯನ್ನು ಲ್ಯಾಪ್‌ಟಾಪ್ ಕಂಡ ಕೊನೆಯ ಸಂಖ್ಯೆಯ ಜೊತೆ ಹೋಲಿಸಿ. ಎಷ್ಟು ವ್ಯತ್ಯಾಸವೋ ಅಷ್ಟು ಸೆಕೆಂಡ್ ನಷ್ಟ. ಒಂದೇ ಸಲ ಮಾಡಿ ನಂಬಬೇಡಿ, ಹತ್ತು ಸಲ ಮಾಡಿ, ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸವನ್ನು ಬರೆದಿಟ್ಟುಕೊಳ್ಳಿ.

ಮೂಲ ಬೆಲೆಗಳಲ್ಲಿ ಅದು 30ರ ಆಸುಪಾಸಿಗೆ ಹೋಗುತ್ತದೆ. ಎಕ್ಸ್‌ಪೈರ್ 500, ರೈಟ್‌ಬ್ಯಾಕ್ 100 ಹಾಕಿದರೆ ಅದಕ್ಕಿಂತ ಬಹಳ ಕಡಿಮೆಯಾಗಬೇಕು. ಪ್ರತಿ ಸಂಖ್ಯೆಗೂ ಎಫ್‌ಸಿಂಕ್ ಮಾಡಿ, ಆಮೇಲೆ ಲ್ಯಾಪ್‌ಟಾಪಿಗೆ ಕಳಿಸಿದರೆ ಒಂದೂ ಕಳೆಯಬಾರದು. ಆಗಲೂ ಕಳೆದರೆ ಡಿಸ್ಕ್ ಸುಳ್ಳು ಹೇಳುತ್ತಿದೆ. ಸೆಟ್ಟಿಂಗ್ ತಿದ್ದುತ್ತಾ ಕೂರದೆ ಆ ಡಿಸ್ಕನ್ನೇ ಬದಲಾಯಿಸಿ.